ಪಣವೂ ಪಂದ್ಯವೂ: ಜಪಾನಿನ ಮಹಿಳಾ ವೃತ್ತಿಕುಸ್ತಿಯ ಈಚಿನ ಕೆಲವು ಪಂದ್ಯಗಳ ವಿಮರ್ಶೆ

೧

ಸೋಲುಗೆಲುವುಗಳು ಮೊದಲೇ ನಿಶ್ಚಿತವಾಗಿರುವ ಸ್ಪರ್ಧೆಗೆ ಇತಿಹಾಸವೆಂಬುದು ಉಂಟೆ? ವೃತ್ತಿಕುಸ್ತಿಯನ್ನು ಕುರಿತು ಬರೆಯಹೊರಡುವವರು ಮೊದಲು ಎದುರಿಸಬೇಕಾದ ಪ್ರಶ್ನೆಯಿದು. ನಮ್ಮ ಗರಡಿಮನೆಗಳ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ತುಮಾಡಿದವನೇ ಗೆದ್ದವನು. ವೃತ್ತಿಕುಸ್ತಿಯ ರೀತಿ ಬೇರೆ. ಅಲ್ಲಿ ಯಾರು ಗೆಲ್ಲತಕ್ಕದ್ದೆಂಬುದನ್ನು ಸಾಮಾನ್ಯವಾಗಿ ಪಂದ್ಯಗಳನ್ನು ಏರ್ಪಡಿಸುವ ಸಂಸ್ಥೆಯೇ ನಿರ್ಧರಿಸುತ್ತದೆ. ಕಣಕ್ಕಿಳಿದವರು ಆ ನಿರ್ಧಾರವನ್ನು ತಮ್ಮ ಮೈಯ ಶ್ರಮದಿಂದ ಪ್ರೇಕ್ಷಕರಿಗೆ ನಂಬಿಸುತ್ತಾರೆ. ಆದುದರಿಂದ ಗೆದ್ದವರ ಪಟ್ಟಿಯೊಂದನ್ನೇ ಹಿಡಿದು ಇದರ ಇತಿಹಾಸವನ್ನು ಬರೆಯಹೋದರೆ, ನಾಟಕದ ಕಡೆಯ ಅಂಕದಲ್ಲಿ ಯಾರು ಮಡಿದರೆಂಬುದನ್ನು ಮಾತ್ರ ಬರೆದಿಟ್ಟು ಅದನ್ನು ರಂಗಭೂಮಿಯ ಇತಿಹಾಸವೆಂದು ಕರೆದಂತಾದೀತು.

ಆದರೂ ಇತಿಹಾಸಕಾರನಿಗೆ ಇಲ್ಲಿ ಗಟ್ಟಿಯಾದ ನೆಲೆಯೊಂದುಂಟು. ಅದು ಪಣ. ಜಪಾನಿನ ಮಹಿಳಾ ವೃತ್ತಿಕುಸ್ತಿಯಲ್ಲಿ ಕೆಲವು ಪಂದ್ಯಗಳು ತಲೆಗೂದಲನ್ನಾಗಲಿ ವೃತ್ತಿಯನ್ನೇ ಆಗಲಿ ಪಣವಾಗಿಟ್ಟು ನಡೆಯುತ್ತವೆ. ಸೋಲು ಕಲ್ಪಿತವಾಗಿರಬಹುದು, ಆದರೆ ಸೋತವಳ ತಲೆ ನಿಜವಾಗಿಯೂ ಬೋಳಾಗುತ್ತದೆ, ಆಕೆಯ ಜೀವನೋಪಾಯವು ನಿಜವಾಗಿಯೂ ಕೈಬಿಟ್ಟುಹೋಗುತ್ತದೆ. ಕಲ್ಪನೆಯು ವಾಸ್ತವವನ್ನು ಮುಟ್ಟುವ ಸ್ಥಳ ಇದೇ. ಈ ಪ್ರಬಂಧದಲ್ಲಿ ನಾವು ೨೦೨೧ ಮತ್ತು ೨೦೨೫ರ ಎರಡು ಪಂದ್ಯಗಳನ್ನು, ೧೯೭೯ ಮತ್ತು ೧೯೮೫ರ ಎರಡು ಪಂದ್ಯಗಳೊಡನೆ ಇಟ್ಟು ಪರಿಶೀಲಿಸಲಿದ್ದೇವೆ. ನಮ್ಮ ಪ್ರತಿಪಾದನೆ ಇಷ್ಟು: ಪಣದ ರೂಪ ಹಳೆಯದೇ ಆಗಿದೆ, ಬದಲಾಗಿರುವುದು ಪಣವನ್ನೊಡ್ಡುವ ಅಧಿಕಾರ. ಈಚಿನ ಪಂದ್ಯಗಳ ಗುಣದೋಷಗಳನ್ನು ಅಳೆಯಲು ಇದಕ್ಕಿಂತ ತಕ್ಕ ಅಳತೆಗೋಲು ಬೇರೆ ಇಲ್ಲ.

೨

ಮಹಾಯುದ್ಧಾನಂತರದ ಜಪಾನಿನಲ್ಲಿ ಅಮೆರಿಕದ ಸೈನಿಕರ ಮುಂದೆ ವಿನೋದಪ್ರದರ್ಶನವಾಗಿ ತಲೆಯೆತ್ತಿದ ಮಹಿಳಾ ಕುಸ್ತಿಗೆ, ೧೯೫೪ರ ನವೆಂಬರಿನಲ್ಲಿ ಮಿಲ್ಡ್ರೆಡ್ ಬರ್ಕ್ ಮೊದಲಾದ ಅಮೆರಿಕನ್ ಮಲ್ಲರು ಬಂದು ಆಡಿದ ಮೇಲೆ ದೇಶವ್ಯಾಪಿಯಾದ ಪ್ರಚಾರ ದೊರೆಯಿತು. ಆ ಉತ್ಸಾಹ ಬಹುಕಾಲ ಉಳಿಯಲಿಲ್ಲ. ೧೯೬೮ರಲ್ಲಿ ಮಾತ್ಸುನಾಗಾ ಸಹೋದರರು 'ಅಖಿಲ ಜಪಾನ್ ಮಹಿಳಾ ವೃತ್ತಿಕುಸ್ತಿ' ಎಂಬ ಸಂಸ್ಥೆಯನ್ನು ಸ್ಥಾಪಿಸಿದುದರೊಂದಿಗೆ ಈ ಕಲೆಗೆ ಸ್ಥಿರವಾದ ನೆಲೆ ಒದಗಿತು. ೧೯೭೬ರಲ್ಲಿ ಜಾಕಿ ಸಾತೋ ಮತ್ತು ಮಾಕಿ ಉಯೆದಾ ಎಂಬ ಇಬ್ಬರು ತರುಣಿಯರು 'ಬ್ಯೂಟಿ ಪೇರ್' ಎಂಬ ಹೆಸರಿನಿಂದ ಜೋಡಿಯಾದರು. ಕಣದಲ್ಲಿಯೇ ನಿಂತು ಹಾಡುತ್ತಿದ್ದ ಇವರ ಗೀತೆಯ ಧ್ವನಿಮುದ್ರಿಕೆಯು ಎಂಟು ಲಕ್ಷದಷ್ಟು ಮಾರಾಟವಾಯಿತೆಂದು ವರದಿಯಿದೆ. ದೂರದರ್ಶನದ ಮೂಲಕ ಇವರನ್ನು ಕಂಡು ಮೆಚ್ಚಿದವರಲ್ಲಿ ಶಾಲಾಬಾಲಿಕೆಯರೇ ಅಧಿಕ.

ಈ ಸಂಸ್ಥೆಯ ಕಟ್ಟುಪಾಡುಗಳನ್ನು ವಿದ್ಯಾರ್ಥಿಗಳು ಚೆನ್ನಾಗಿ ಮನಗಾಣಬೇಕು. ಹದಿನೈದು ಹದಿನಾರರ ವಯಸ್ಸಿನಲ್ಲಿ ಸೇರಿದ ಹುಡುಗಿಯರಿಗೆ ಮದ್ಯ, ಧೂಮಪಾನ, ಪುರುಷರ ಸಹವಾಸ ಇವು ಮೂರೂ ನಿಷಿದ್ಧವಾಗಿದ್ದುವು. ಇಪ್ಪತ್ತೈದನೆಯ ವಯಸ್ಸಿನ ವೇಳೆಗೆ ನಿವೃತ್ತರಾಗತಕ್ಕದ್ದೆಂಬ ಪದ್ಧತಿಯೂ ಇದ್ದಿತು. ಎಪ್ಪತ್ತರ ದಶಕದ ಮೊದಲ ವರ್ಷಗಳಿಂದ ೧೯೮೬ರವರೆಗೆ ಈ ವೃತ್ತಿಯಲ್ಲಿ ಇದಕ್ಕೆ ಪ್ರತಿಸ್ಪರ್ಧಿಯಾದ ಸಂಸ್ಥೆ ಇರಲಿಲ್ಲ. ಸಂಸ್ಥೆಯಿಂದ ಹೊರಬಿದ್ದವಳು ವೃತ್ತಿಯಿಂದಲೇ ಹೊರಬಿದ್ದಂತೆ.

ಈ ಹಿನ್ನೆಲೆಯಲ್ಲಿ ೧೯೭೯ರ ಫೆಬ್ರವರಿ ೨೭ರಂದು ಟೋಕಿಯೋದ ನಿಪ್ಪೋನ್ ಬುದೋಕಾನಿನಲ್ಲಿ ನಡೆದ ಪಂದ್ಯವನ್ನು ನೋಡಬೇಕು. ಬ್ಯೂಟಿ ಪೇರಿನ ಇಬ್ಬರು ಗೆಳತಿಯರೇ ಅಂದು ಎದುರುಬದುರಾದರು; ಸೋತವಳು ನಿವೃತ್ತಳಾಗಬೇಕೆಂಬುದೇ ಪಣ. ಜಾಕಿ ಗೆದ್ದಳು, ಇಪ್ಪತ್ತು ತುಂಬುವುದಕ್ಕೆ ಇನ್ನೂ ಕೆಲವು ದಿನಗಳಿದ್ದ ಮಾಕಿ ಉಯೆದಾಳ ಮಲ್ಲಜೀವನ ಅಲ್ಲಿಗೆ ಮುಗಿಯಿತು. ಆ ಕಾಲದ ಕೆಲವು ಪಂದ್ಯಗಳಲ್ಲಿ ಕಡೆಯ ಹಿಡಿತವು ನಿಜವಾದ ಬಲಪರೀಕ್ಷೆಯೇ ಆಗಿದ್ದಿತೆಂದು ಅಂದಿನ ಮಲ್ಲರೇ ಮುಂದೆ ಹೇಳಿಕೊಂಡಿದ್ದಾರೆ. ಅದು ಹೇಗೇ ಇರಲಿ, ಇಬ್ಬರಲ್ಲಿ ಒಬ್ಬಳು ಹೋಗಲೇಬೇಕೆಂಬ ಏರ್ಪಾಡು ಸಂಸ್ಥೆಯದು.

ಎರಡನೆಯದು ೧೯೮೫ರ ಆಗಸ್ಟ್ ೨೮ರಂದು ಒಸಾಕಾ ನಗರದ ಕೋಟೆಯ ಸಭಾಂಗಣದಲ್ಲಿ ನಡೆದ ಪಂದ್ಯ. 'ಕ್ರಶ್ ಗಾಲ್ಸ್' ಜೋಡಿಯ ಚಿಗುಸಾ ನಾಗಾಯೋ ಆಗ ಬಾಲಿಕೆಯರ ಆರಾಧ್ಯದೇವತೆ. ಎದುರಾಳಿಯಾದ ಡಂಪ್ ಮಾತ್ಸುಮೋಟೋ ದುಷ್ಟಪಾತ್ರಗಳಲ್ಲಿ ಅಗ್ರಗಣ್ಯಳು. ಸೋತವಳ ತಲೆಗೂದಲೇ ಪಣ. ರಕ್ತ ಸುರಿಯುವಂತೆ ಪೆಟ್ಟು ತಿಂದು ಸೋತ ನಾಗಾಯೋಳ ಕೂದಲನ್ನು ಕಣದ ಮಧ್ಯದಲ್ಲಿಯೇ ಕತ್ತರಿಸಲಾಯಿತು. ಸಭಾಂಗಣದ ತುಂಬ ಹುಡುಗಿಯರು ಗೋಳೋ ಎಂದು ಅತ್ತರು. ೧೯೮೬ರ ನವೆಂಬರ್ ೭ರಂದು ಅದೇ ಸಭಾಂಗಣದಲ್ಲಿ ನಾಗಾಯೋ ಗೆದ್ದು ಡಂಪಳ ತಲೆ ಬೋಳಾಯಿತು. ಈ ಕಥೆಯನ್ನು ಆಧರಿಸಿ ೨೦೨೪ರಲ್ಲಿ ನೆಟ್‌ಫ್ಲಿಕ್ಸ್ ಒಂದು ಧಾರಾವಾಹಿಯನ್ನೇ ಪ್ರಕಟಿಸಿತೆಂಬುದು, ನಾಲ್ಕು ದಶಕಗಳಾದರೂ ಆ ಇರುಳಿನ ನೆನಪು ಮಾಸಲಿಲ್ಲವೆಂಬುದಕ್ಕೆ ಸಾಕ್ಷಿ.

೩

೧೯೯೪ರ ನವೆಂಬರ್ ೨೦ರಂದು ಟೋಕಿಯೋ ಡೋಮ್ ಎಂಬ ವಿಶಾಲ ಕ್ರೀಡಾಂಗಣದಲ್ಲಿ ಅನೇಕ ಸಂಸ್ಥೆಗಳ ಮಲ್ಲರನ್ನು ಸೇರಿಸಿ ನಡೆಸಿದ ಪ್ರದರ್ಶನದಲ್ಲಿ ಈ ಕಲೆ ತನ್ನ ಶಿಖರವನ್ನು ಮುಟ್ಟಿತು. ಆಮೇಲೆ ಇಳಿಗಾಲ. ೧೯೯೭ರಲ್ಲಿ ಆರ್ಥಿಕವಾಗಿ ಕುಸಿದ ಹಳೆಯ ಸಂಸ್ಥೆಯು ೨೦೦೫ರಲ್ಲಿ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಇಪ್ಪತ್ತೈದರ ನಿವೃತ್ತಿಯ ಪದ್ಧತಿ ಸಡಿಲಿ ಬಿದ್ದಿದ್ದಿತು, ಸಂಸ್ಥೆಗಳು ಹಲವಾಗಿದ್ದುವು. ೨೦೧೧ರ ಜನವರಿಯಲ್ಲಿ ಪ್ರದರ್ಶನಗಳನ್ನಾರಂಭಿಸಿದ 'ಸ್ಟಾರ್‌ಡಮ್' ಸಂಸ್ಥೆಯು ಕ್ರಮೇಣ ಪ್ರಮುಖಸ್ಥಾನಕ್ಕೆ ಬಂದಿತು. ೨೦೧೯ರಲ್ಲಿ ಅದು ಬುಶಿರೋಡ್ ಎಂಬ ವ್ಯಾಪಾರಸಂಸ್ಥೆಯ ವಶವಾಯಿತು.

ಈ ನಡುವೆ ಸಂಭವಿಸಿದ ಒಂದು ದುರ್ಘಟನೆ ನಮ್ಮ ವಿಚಾರಕ್ಕೆ ಅತ್ಯಂತ ಪ್ರಸ್ತುತವಾದುದು. ೨೦೧೫ರ ಫೆಬ್ರವರಿ ೨೨ರಂದು ಕೋರಾಕುಯೆನ್ ಹಾಲಿನಲ್ಲಿ ಯೋಶಿಕೋ ಮತ್ತು ಆಕ್ಟ್ ಯಾಸುಕಾವಾ ಇವರ ನಡುವೆ ನಡೆಯುತ್ತಿದ್ದ ಪಂದ್ಯವು ನಿಜವಾದ ಮುಷ್ಟಿಪ್ರಹಾರಕ್ಕೆ ತಿರುಗಿ, ಯಾಸುಕಾವಾಳ ಮುಖದ ಎಲುಬುಗಳು ಮುರಿದುವು. ಆಕೆಯ ಪಕ್ಷದವರು ಕಣದೊಳಕ್ಕೆ ಅಂಗವಸ್ತ್ರವನ್ನೆಸೆದು ಪಂದ್ಯವನ್ನು ನಿಲ್ಲಿಸಬೇಕಾಯಿತು. ಯೋಶಿಕೋಳ ಪ್ರಶಸ್ತಿಯನ್ನು ಸಂಸ್ಥೆ ಹಿಂದಕ್ಕೆ ಪಡೆಯಿತು. ಯಾಸುಕಾವಾ ಆ ವರ್ಷದ ಕೊನೆಯಲ್ಲಿ ನಿವೃತ್ತಳಾದಳು. ಇಲ್ಲಿ ಘೋಷಿತವಾದ ಪಣವೇನೂ ಇರಲಿಲ್ಲ. ಆದರೂ ಒಬ್ಬಳು ತನ್ನ ಮುಖವನ್ನೂ ವೃತ್ತಿಯನ್ನೂ ತೆತ್ತಳು. ಒಪ್ಪಿಗೆಯೇ ಈ ಕಲೆಯ ಆಧಾರಸ್ತಂಭವೆಂಬುದನ್ನು ಇದಕ್ಕಿಂತ ಕಟುವಾಗಿ ತೋರಿಸುವ ನಿದರ್ಶನ ಇನ್ನೊಂದಿಲ್ಲ. ನಿಜವಾದ ಪೆಟ್ಟು ಪಂದ್ಯವನ್ನು ಸತ್ಯವಾಗಿಸಲಿಲ್ಲ, ಪಂದ್ಯವೇ ಅಲ್ಲದಂತೆ ಮಾಡಿತು.

ಇನ್ನು ೨೦೨೧ರ ಮಾರ್ಚ್ ೩ರ ಪಂದ್ಯ. ಬುದೋಕಾನಿನಲ್ಲಿ ನಡೆದ ಅಂದಿನ ಪ್ರದರ್ಶನದ ಕಡೆಯ ಪಂದ್ಯದಲ್ಲಿ ಜೂಲಿಯಾ ಮತ್ತು ತಾಮ್ ನಾಕಾನೋ ಸ್ಟಾರ್‌ಡಮ್ಮಿನ ಎರಡನೆಯ ಪ್ರಶಸ್ತಿಯ ಜೊತೆಗೆ ತಲೆಗೂದಲನ್ನೂ ಪಣವಾಗಿಟ್ಟು ಹೋರಾಡಿದರು. ಸಂಸ್ಥೆಯ ಅತ್ಯುನ್ನತ ಪ್ರಶಸ್ತಿಗಾಗಿ ಊತಾಮಿ ಹಾಯಾಶಿಶಿತಾ ಮತ್ತು ಸಾಯಾ ಕಾಮಿತಾನಿ ನಡೆಸಿದ ಪಂದ್ಯಕ್ಕೆ ಇದಕ್ಕಿಂತ ಮುಂಚಿನ ಸ್ಥಾನ ದೊರಕಿತೆಂಬುದು ಗಮನಾರ್ಹ. ಪ್ರಶಸ್ತಿಗಿಂತ ಪಣವೇ ದೊಡ್ಡದೆಂದು ವ್ಯವಸ್ಥಾಪಕರೂ ತಿಳಿದಿದ್ದರು. ನಾಕಾನೋ ಗೆದ್ದಳು; ಜೂಲಿಯಾಳ ತಲೆಯನ್ನು ಕಣದಲ್ಲಿಯೇ ಬೋಳಿಸಲಾಯಿತು.

ಪಂದ್ಯದ ಗುಣವೇನೆಂದರೆ, ಇಬ್ಬರೂ ತಮ್ಮ ದೀರ್ಘಕಾಲದ ವೈರವನ್ನು ಪಟ್ಟುಗಳ ವೈಚಿತ್ರ್ಯದಿಂದಲ್ಲದೆ ಹಟದಿಂದ ತೋರಿಸಿದರು. ದೋಷವೇನೆಂದರೆ, ಈಚಿನ ಬಹುತೇಕ ದೊಡ್ಡ ಪಂದ್ಯಗಳಂತೆ ಇದರಲ್ಲಿಯೂ ಕೊರಳಿಗೂ ತಲೆಗೂ ಅಪಾಯಕರವಾದ ಎಸೆತಗಳು ಒಂದರ ಮೇಲೊಂದು ಬಂದುವು. ಯಾವ ಪಟ್ಟಿನಿಂದ ಪಂದ್ಯ ಮುಗಿಯಬೇಕೋ ಆ ಪಟ್ಟಿನಿಂದಲೂ ಮತ್ತೆ ಮತ್ತೆ ಏಳುತ್ತ ಹೋದರೆ ಪಟ್ಟಿನ ಬೆಲೆ ತಗ್ಗುತ್ತದೆ. ತಗ್ಗಿದ ಬೆಲೆಯನ್ನು ತುಂಬಲು ಮುಂದಿನ ಪಂದ್ಯದಲ್ಲಿ ಇನ್ನೂ ಅಪಾಯಕರವಾದುದನ್ನು ಹುಡುಕಬೇಕಾಗುತ್ತದೆ. ಪಣವೇ ಭಾರವಾಗಿರುವಾಗ ಇಂತಹ ಅತಿಶಯ ಅನಾವಶ್ಯಕ.

೧೯೮೫ರೊಡನೆ ಹೋಲಿಸಿದರೆ ಎರಡು ವ್ಯತ್ಯಾಸಗಳು ಎದ್ದುಕಾಣುತ್ತವೆ. ಮೊದಲನೆಯದು ಪ್ರೇಕ್ಷಕರದು. ಸಾಂಕ್ರಾಮಿಕ ರೋಗದ ನಿರ್ಬಂಧಗಳಿದ್ದ ಆ ದಿನಗಳಲ್ಲಿ ಕೂಗುವಂತಿರಲಿಲ್ಲ. ಮುಖವಸ್ತ್ರ ಧರಿಸಿದವರು ಚಪ್ಪಾಳೆ ಮಾತ್ರ ತಟ್ಟಬಹುದಾಗಿತ್ತು. ಅಲ್ಲದೆ ಬಾಲಿಕೆಯರು ತುಂಬಿದ್ದ ಆಸನಗಳಲ್ಲಿ ಈಗ ವಯಸ್ಕ ಪುರುಷರೇ ಹೆಚ್ಚಾಗಿದ್ದರು. ಒಸಾಕಾದಲ್ಲಿ ಅತ್ತವರು ತಮ್ಮನ್ನೇ ನಾಗಾಯೋಳಲ್ಲಿ ಕಂಡವರು. ಬುದೋಕಾನಿನ ಮೌನವು ಹೊರಗೆ ನಿಂತು ನೋಡುವವರ ಗೌರವ. ಎರಡನೆಯದು ಸೋತವಳದು. ಇಪ್ಪತ್ತರ ನಾಗಾಯೋಳಿಗೆ ಇನ್ನೊಂದು ಸಂಸ್ಥೆಯ ಆಸರೆ ಇರಲಿಲ್ಲ. ಇಪ್ಪತ್ತೇಳರ ಜೂಲಿಯಾ, ಹಳೆಯ ಪದ್ಧತಿಯಂತಾಗಿದ್ದರೆ ಆ ವೇಳೆಗೆ ನಿವೃತ್ತಳಾಗಿರಬೇಕಾದವಳು. ಬೇರೊಂದು ಸಂಸ್ಥೆಯನ್ನು ತಾನಾಗಿ ಬಿಟ್ಟು ಬಂದವಳು. ೨೦೨೨ರ ಡಿಸೆಂಬರಿನಲ್ಲಿ ಆಕೆ ಅತ್ಯುನ್ನತ ಪ್ರಶಸ್ತಿಯನ್ನೂ ಗೆದ್ದಳು. ಬೋಳುತಲೆ ಆಕೆಯ ಪಾಲಿಗೆ ಶಿಕ್ಷೆಯಾಗದೆ, ಕೊಟ್ಟ ಮಾತನ್ನು ನಡೆಸಿದ ಗುರುತಾಯಿತು.

೪

೨೦೨೫ರ ಏಪ್ರಿಲ್ ೨೭ರಂದು ಯೋಕೋಹಾಮಾ ಅರೀನಾದಲ್ಲಿ ನಡೆದುದು ಇದಕ್ಕಿಂತ ಭಾರವಾದ ಪಣ. ೨೦೨೪ರ ಡಿಸೆಂಬರ್ ೨೯ರಂದು ನಾಕಾನೋಳಿಂದ ಅತ್ಯುನ್ನತ ಪ್ರಶಸ್ತಿಯನ್ನು ಕಸಿದುಕೊಂಡಿದ್ದ ಸಾಯಾ ಕಾಮಿತಾನಿಯೇ ಎದುರಾಳಿ. ಸೋತವಳು ವೃತ್ತಿಯನ್ನೇ ಬಿಡಬೇಕು. ಕಾಮಿತಾನಿ ಗೆದ್ದಳು, ೨೦೧೬ರಿಂದ ಕಣದಲ್ಲಿದ್ದ ನಾಕಾನೋ ನಿವೃತ್ತಳಾದಳು.

ನಾಲ್ಕು ವರ್ಷಗಳ ಹಿಂದೆ ಮತ್ತೊಬ್ಬಳ ಕೂದಲನ್ನು ಗೆದ್ದವಳೇ ಈಗ ತನ್ನ ವೃತ್ತಿಯನ್ನು ಸೋತಳೆಂಬಲ್ಲಿ ಕಥಾಸಂವಿಧಾನದ ಸೊಗಸು ನಿರ್ವಿವಾದವಾದುದು. ದುಷ್ಟಪಾತ್ರದಲ್ಲಿದ್ದ ಕಾಮಿತಾನಿಯನ್ನು ಪ್ರೇಕ್ಷಕರು ದ್ವೇಷಿಸದೆ ಮೆಚ್ಚತೊಡಗಿದುದೂ ಡಂಪಳ ಕಾಲಕ್ಕಿಂತ ಭಿನ್ನವಾದ ಸಂಗತಿ. ಆದರೆ ಒಂದು ಆಕ್ಷೇಪಣೆಯನ್ನು ಮುಚ್ಚಿಡಲಾಗದು. ಇದೇ ಇಬ್ಬರು ಅದೇ ವರ್ಷದ ಮಾರ್ಚ್ ೩ರಂದು, ಸೋತವಳು ಸಂಸ್ಥೆಯನ್ನು ಬಿಡಬೇಕೆಂಬ ಪಣದ ಮೇಲೆ ಆಡಿದ್ದರು. ಅಂದೂ ಸೋತವಳು ನಾಕಾನೋ. ಬಿಟ್ಟುಹೋಗಬೇಕಾದವಳು ಎಂಟು ವಾರಗಳೊಳಗೆ ಅದೇ ಸಂಸ್ಥೆಯ ಅತಿ ದೊಡ್ಡ ಪ್ರದರ್ಶನದಲ್ಲಿ ಮತ್ತೆ ಕಾಣಿಸಿಕೊಂಡರೆ, ಮೊದಲ ಪಣ ಹುಸಿಯಾಗುತ್ತದೆ. ಎರಡನೆಯ ಪಣವನ್ನು ನಂಬಿಸಲು ಮೊದಲನೆಯದನ್ನು ಬಲಿಗೊಟ್ಟಂತಾಯಿತು. ೧೯೭೯ರ ಪಂದ್ಯದಲ್ಲಿ ಪಣ ಒಂದೇ. ಆದುದರಿಂದ ಅದರ ಪೆಟ್ಟೂ ಒಂದೇ, ಆಳವಾದುದು.

ಅದೇ ಇರುಳು ಯೋಕೋಹಾಮಾದಲ್ಲಿ ಇನ್ನೊಂದು ಪಂದ್ಯ ನಡೆಯಿತು. ಮಾಯು ಇವಾತಾನಿ ತನ್ನ ಪ್ರಶಸ್ತಿಯನ್ನು ಶೂರಿ ಎಂಬುವಳಿಗೆ ಸೋತಳು. ಮೊದಲ ದಿನದಿಂದಲೂ ಸ್ಟಾರ್‌ಡಮ್ಮಿನಲ್ಲಿದ್ದ ಇವಾತಾನಿ ಕೆಲವೇ ದಿನಗಳಲ್ಲಿ ಅದನ್ನು ತೊರೆದು, ೨೦೨೪ರಲ್ಲಿ ಆರಂಭವಾಗಿದ್ದ 'ಮಾರಿಗೋಲ್ಡ್' ಎಂಬ ಸಂಸ್ಥೆಯನ್ನು ಸೇರಿದಳು. ಪ್ರೇಕ್ಷಕರ ಕಣ್ಣೀರನ್ನು ಅಳತೆಮಾಡಿದರೆ ನಾಕಾನೋಳ ಪಂದ್ಯವೇ ದೊಡ್ಡದು. ಇತಿಹಾಸದ ದೃಷ್ಟಿಯಿಂದ ಇವಾತಾನಿಯ ನಿರ್ಗಮನವೇ ಹೆಚ್ಚು ಮಹತ್ತ್ವದ್ದೆಂದು ನಮ್ಮ ಅಭಿಪ್ರಾಯ. ಮಾಕಿ ಉಯೆದಾಳ ಮುಂದೆ ಇದ್ದುದು ಒಂದೇ ಬಾಗಿಲು, ಅದೂ ಹೊರಕ್ಕೆ ತೆರೆದುದು. ಇವಾತಾನಿಯ ಮುಂದೆ ಬೇರೆ ಬಾಗಿಲುಗಳಿದ್ದುವು.

೫

ದ್ಯೂತಸಭೆಯಲ್ಲಿ ದ್ರೌಪದಿ ಕೇಳಿದುದು ದಾಳಗಳು ಹೇಗೆ ಬಿದ್ದುವೆಂದಲ್ಲ. ಪಣವನ್ನೊಡ್ಡಿದವನಿಗೆ ಒಡ್ಡುವ ಅಧಿಕಾರವಿದ್ದಿತೇ ಎಂದು. ಪೂರ್ವನಿಶ್ಚಿತವಾದ ಈ ಪಂದ್ಯಗಳ ವಿಮರ್ಶಕನೂ ಅದನ್ನೇ ಕೇಳಬೇಕು. ದಾಳ ಮೊದಲೇ ಬಿದ್ದಾಗಿದೆ; ಉಳಿಯುವ ಪ್ರಶ್ನೆ ಅಧಿಕಾರದ್ದು. ೧೯೭೯ ಮತ್ತು ೧೯೮೫ರಲ್ಲಿ, ಪ್ರತಿಸ್ಪರ್ಧಿಯಿಲ್ಲದ ಸಂಸ್ಥೆಯೊಂದು ಇಪ್ಪತ್ತು ವರ್ಷದ ಹುಡುಗಿಯರನ್ನು ಪಣವಾಗಿಟ್ಟಿತು. ಅವರು ಒಪ್ಪಿದರೆನ್ನಬಹುದಾದರೂ, ಒಲ್ಲೆನೆನ್ನುವ ಅವಕಾಶ ಅವರಿಗೆ ಅತ್ಯಲ್ಪವಾಗಿದ್ದಿತು. ೨೦೨೧ರಲ್ಲಿ ಪಣವನ್ನೊಡ್ಡಿದವರು ವೃತ್ತಿಯಲ್ಲಿ ಬೇರೆ ದಾರಿಗಳುಳ್ಳ ವಯಸ್ಕ ಸ್ತ್ರೀಯರು. ೨೦೨೫ರ ಪಂದ್ಯ ಇವೆರಡರ ನಡುವೆ ನಿಲ್ಲುತ್ತದೆ: ಪಣ ತೆತ್ತವಳು ಪ್ರಬುದ್ಧೆ, ಆದರೆ ಪಣದ ಮೇಲೆ ಪಣವನ್ನು ಹೇರಿದ ರೀತಿಯಲ್ಲಿ ವ್ಯಾಪಾರದ ಕೈ ಕಾಣುತ್ತದೆ.

ಹಳೆಯ ಪಂದ್ಯಗಳು ಹೆಚ್ಚು ತೀವ್ರವಾಗಿದ್ದುವೆಂದು ರಸಿಕರು ಹೇಳುವುದುಂಟು. ಅದು ಸತ್ಯವೇ. ಆದರೆ ಆ ತೀವ್ರತೆಯ ಒಂದು ಭಾಗ, ಸೋತವಳಿಗೆ ಬೇರೆ ಗತಿಯಿಲ್ಲವೆಂಬುದರಿಂದ ಹುಟ್ಟಿದುದು. ಅದನ್ನು ಕಲೆಯ ಗುಣವೆಂದು ಎಣಿಸುವುದು ಅನ್ಯಾಯ. ಈಚಿನ ಪಂದ್ಯಗಳಲ್ಲಿ ಆ ಉಸಿರುಗಟ್ಟುವ ಭಯ ಕಡಿಮೆಯಾಗಿದ್ದರೆ ಅದು ಕೊರತೆಯಲ್ಲ, ಗಳಿಕೆ. ಕೊರತೆಯಿರುವುದು ಬೇರೆಡೆ: ಕೊರಳಿಗೆ ಅಪಾಯವೊಡ್ಡುವ ಎಸೆತಗಳಲ್ಲಿ, ಕೊಟ್ಟ ಮಾತನ್ನು ಎಂಟು ವಾರವೂ ಉಳಿಸಿಕೊಳ್ಳದ ಆತುರದಲ್ಲಿ. ಇವೆರಡನ್ನೂ ತಿದ್ದಿಕೊಳ್ಳುವುದು ಸಂಸ್ಥೆಗಳ ಕೈಯಲ್ಲಿದೆ. ಪಂದ್ಯಗಳ ಚರಿತ್ರೆಯನ್ನು ಓದುವ ನಮ್ಮ ವಿದ್ಯಾರ್ಥಿಗಳು ಗೆದ್ದವರಾರೆಂದು ಕೇಳುವುದರ ಜೊತೆಗೆ, ಸೋತವರು ಮರುದಿನ ಎಲ್ಲಿಗೆ ಹೋಗಬಲ್ಲವರಾಗಿದ್ದರೆಂಬುದನ್ನೂ ಕೇಳುವುದನ್ನು ರೂಢಿಸಿಕೊಳ್ಳಬೇಕು.