ಒಡವೆಯೂ ಹೌದು, ಕವಚವೂ ಹೌದು

ಕಾವ್ಯಕ್ಕೆ ಅಲಂಕಾರ ಬೇಕೇ ಎಂದು ತರಗತಿಯಲ್ಲಿ ನೀವು ಕೇಳುತ್ತಿದ್ದಿರಿ. ಅದು ಬೇಡವಾದಾಗ ತೆಗೆದಿಡಬಹುದಾದ ಒಡವೆಯೆಂದು ನಾನು ಹೇಳುತ್ತಿದ್ದೆ. ನ್ಯೂಯಾರ್ಕಿನ ವುಲ್‌ವರ್ತ್ ಕಟ್ಟಡದ ಚರಿತ್ರೆಯನ್ನು ಓದಿದ ಮೇಲೆ ಆ ಉತ್ತರವನ್ನು ತಿದ್ದಬೇಕೆನಿಸಿದೆ.

ಐದು, ಹತ್ತು ಸೆಂಟಿನ ಸರಕುಗಳನ್ನು ಮಾರಿ ಸಿರಿವಂತನಾದ ಫ್ರ್ಯಾಂಕ್ ವುಲ್‌ವರ್ತ್ ಇದನ್ನು ಕಟ್ಟಿಸಿದನು. ವಾಸ್ತುಶಿಲ್ಪಿ ಕ್ಯಾಸ್ ಗಿಲ್ಬರ್ಟ್. 1913ರಲ್ಲಿ ಪೂರ್ಣಗೊಂಡ 792 ಅಡಿಗಳ ಈ ಸೌಧವು 1930ರವರೆಗೆ ಜಗತ್ತಿನ ಅತ್ಯಂತ ಎತ್ತರದ ಕಟ್ಟಡವಾಗಿತ್ತು. ಯೂರೋಪಿನ ಗಾಥಿಕ್ ಚರ್ಚುಗಳನ್ನು ನೆನಪಿಸುವ ಕಮಾನು, ಶಿಖರ, ಕುಸುರಿಗಳು ಇದರ ಮೈತುಂಬ ಇವೆ. ಒಳಗಿನ ಮೊಗಸಾಲೆಯಲ್ಲಿ ವಿನೋದದ ಕಿರುಶಿಲ್ಪಗಳಿವೆ: ವುಲ್‌ವರ್ತ್ ಚಿಲ್ಲರೆ ಎಣಿಸುತ್ತಿದ್ದಾನೆ, ಗಿಲ್ಬರ್ಟ್ ಕಟ್ಟಡದ ಮಾದರಿಯನ್ನು ಹಿಡಿದಿದ್ದಾನೆ, ಇಂಜಿನಿಯರ್ ಗುನ್ವಾಲ್ಡ್ ಔಸ್ ಉಕ್ಕಿನ ತೊಲೆಯನ್ನು ಅಳೆಯುತ್ತಿದ್ದಾನೆ.

ಕಟ್ಟಡದ ಭಾರವನ್ನೆಲ್ಲ ಹೊರುವುದು ಆ ಉಕ್ಕು. ಹೊರಗಿನ ಕುಸುರಿಯೋ ಅಚ್ಚಿನಲ್ಲಿ ಒತ್ತಿ, ಮೆರುಗು ಬಳಿದು, ಸುಟ್ಟ ಜೇಡಿಮಣ್ಣಿನ ಫಲಕಗಳು, ಅಂದರೆ ಟೆರಾಕೋಟ. ಹಾಗಾದರೆ ಅವು ಬರಿಯ ಶೃಂಗಾರವೇ? ಅಲ್ಲ. ಉಕ್ಕನ್ನು ಬೆಂಕಿಯಿಂದಲೂ ಮಳೆಯಿಂದಲೂ ಕಾಯುವ ಹೊಣೆ ಅವುಗಳದೇ. ಬಿರುಕಿನೊಳಗೆ ನೀರಿಳಿದರೆ ಉಕ್ಕು ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದ ಉಕ್ಕು ಫಲಕವನ್ನು ಒಡೆಯುತ್ತದೆ. 1977ರಿಂದ 1981ರವರೆಗೆ ನಡೆದ ದುರಸ್ತಿಯಲ್ಲಿ ಸಾವಿರಾರು ಫಲಕಗಳ ಬದಲಿಗೆ ಕಾಂಕ್ರೀಟಿನವನ್ನು ಕೂರಿಸಬೇಕಾಯಿತು. ಕೆಲವು ಅಲಂಕಾರಗಳು ಶಾಶ್ವತವಾಗಿ ಮರೆಯಾದವು.

ಆದುದರಿಂದ, ಪ್ರಿಯ ವಿದ್ಯಾರ್ಥಿಗಳೇ, ತಡವಾಗಿಯಾದರೂ ನನ್ನ ಉತ್ತರವನ್ನು ಬದಲಿಸಿಕೊಳ್ಳಿ. ಒಡವೆಯೆಂದು ಕಂಡದ್ದು ಒಮ್ಮೊಮ್ಮೆ ಕವಚವೂ ಆಗಿರುತ್ತದೆ. ಕಳಚುವ ಮೊದಲು ಅದು ಏನನ್ನು ಕಾಯುತ್ತಿದೆಯೆಂದು ನೋಡಿರಿ.