ಹರಿಹರದ ಲೇತು, ಪವನಾರದ ಸತ್ಯಾಗ್ರಹ: ಮಹಾಯುದ್ಧ ಮತ್ತು ಶೀತಲ ಸಮರದ ಬೋಧನೆಗೆ ದಾವಣಗೆರೆ ಸೀಮೆಯ ಆಕರಗಳು

ನಮ್ಮ ರಾಜ್ಯದ ಹತ್ತನೇ ತರಗತಿಯ ಸಮಾಜ ವಿಜ್ಞಾನ ಪಠ್ಯದಲ್ಲಿ 1939ರಿಂದ 1945ರವರೆಗಿನ ವರ್ಷಗಳು ಎರಡು ಸಲ ಬರುತ್ತವೆ. ಸ್ವಾತಂತ್ರ್ಯ ಹೋರಾಟದ ಅಧ್ಯಾಯದಲ್ಲಿ ಕ್ವಿಟ್ ಇಂಡಿಯಾ ಚಳವಳಿ ಮತ್ತು ಸುಭಾಷರ ಐಎನ್‌ಎ ಆಗಿ ಒಮ್ಮೆ. ಇಪ್ಪತ್ತನೆಯ ಶತಮಾನದ ಜಾಗತಿಕ ರಾಜಕಾರಣದ ಅಧ್ಯಾಯದಲ್ಲಿ ಹಿಟ್ಲರ್, ಮುಸೊಲಿನಿ, ಹಿರೋಷಿಮಾ ಆಗಿ ಇನ್ನೊಮ್ಮೆ. ಶೀತಲ ಸಮರ ಇತಿಹಾಸದ ಭಾಗದಲ್ಲಿದ್ದರೆ ಅಲಿಪ್ತ ನೀತಿ ರಾಜ್ಯಶಾಸ್ತ್ರದ ಭಾಗದಲ್ಲಿದೆ. ಒಂದೇ ಕಾಲದ ಸಂಗತಿಗಳನ್ನು ಹೀಗೆ ಬೇರೆ ಬೇರೆ ಕಪಾಟಿನಲ್ಲಿಟ್ಟ ಮೇಲೆ, ಯುದ್ಧ ಅವರದು, ಸ್ವಾತಂತ್ರ್ಯ ಹೋರಾಟ ನಮ್ಮದು ಎಂದು ವಿದ್ಯಾರ್ಥಿ ತಿಳಿದುಕೊಂಡರೆ ತಪ್ಪು ಅವನದಲ್ಲ. ಜಾಗತಿಕ ಅಧ್ಯಾಯ ಇತಿಹಾಸ ಭಾಗದ ಕೊನೆಗೆ ಬರುತ್ತದೆ. ಪರೀಕ್ಷೆಯ ತಯಾರಿ ಶುರುವಾಗುವ ಹೊತ್ತಿಗೆ ಅದನ್ನು ಕಾರಣಗಳು, ಪರಿಣಾಮಗಳು ಎಂಬ ಎರಡು ಪಟ್ಟಿಗಳಲ್ಲಿ ಮುಗಿಸುವುದು ಅನಿವಾರ್ಯವೂ ಆಗಿಬಿಡುತ್ತದೆ.

ಇದಕ್ಕೆ ಪಠ್ಯವನ್ನು ಹಿಗ್ಗಿಸುವುದು ಪರಿಹಾರವಲ್ಲ. ದಾವಣಗೆರೆ ಮತ್ತು ಹರಿಹರದ ಸುತ್ತಮುತ್ತಲೇ ಮಹಾಯುದ್ಧ ಮತ್ತು ಶೀತಲ ಸಮರ ಎರಡರ ಗುರುತುಗಳೂ ಸಾಕಷ್ಟಿವೆ. ಅವುಗಳಿಂದ ಪಾಠ ಆರಂಭಿಸಿದರೆ, ಮಹಾಯುದ್ಧವನ್ನು ನಮ್ಮ ರಾಜಕೀಯ, ದುಡಿಮೆ, ಊಟಗಳಿಂದ ಬೇರ್ಪಡಿಸಿ ಹೇಳುವ ಕ್ರಮ ತಾನಾಗಿಯೇ ಮುರಿದು ಬೀಳುತ್ತದೆ ಎಂಬುದು ಈ ಲೇಖನದ ವಾದ.

ಬಡಾವಣೆಯ ಹೆಸರಿನೊಳಗಿನ ಎರಡು ಇಸವಿಗಳು

ದಾವಣಗೆರೆಯ ವಿನೋಬನಗರದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ವಿನೋಬಾ ಭಾವೆ ಎಂದರೆ ಹೆಚ್ಚೆಂದರೆ ಭೂದಾನ. ಆದರೆ ದೇಶದ ಜನ ಆ ಹೆಸರನ್ನು ಮೊದಲು ಕೇಳಿದ್ದು ಯುದ್ಧದ ಕಾರಣಕ್ಕೆ. 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್ಲಿತ್‌ಗೋ ಇಲ್ಲಿನ ಯಾವ ಪ್ರತಿನಿಧಿಯನ್ನೂ ಕೇಳದೆ ಭಾರತವನ್ನು ಯುದ್ಧಕ್ಕೆ ಸೇರಿಸಿದರು. ಪ್ರಾಂತ್ಯಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಮುಂದಿನ ವರ್ಷ ಗಾಂಧೀಜಿ ಸಾಮೂಹಿಕ ಚಳವಳಿಯ ಬದಲು ವೈಯಕ್ತಿಕ ಸತ್ಯಾಗ್ರಹವನ್ನು ಆರಿಸಿಕೊಂಡು, ಮೊದಲ ಸತ್ಯಾಗ್ರಹಿಯಾಗಿ ಆಗ ಹೊರಜಗತ್ತಿಗೆ ಅಷ್ಟೇನೂ ಗೊತ್ತಿಲ್ಲದ ವಿನೋಬರನ್ನು ಗೊತ್ತುಮಾಡಿದರು. ಎರಡನೆಯವರು ನೆಹರೂ. 1940ರ ಅಕ್ಟೋಬರ್ 17ರಂದು ವಾರ್ಧಾ ಸಮೀಪದ ಪವನಾರದಲ್ಲಿ ವಿನೋಬಾ ಸಾರಿದ್ದು ಇಷ್ಟೆ: ಈ ಯುದ್ಧಕ್ಕೆ ಜನ ಕೊಡುವುದೂ ತಪ್ಪು, ಹಣ ಕೊಡುವುದೂ ತಪ್ಪು. ಕೆಲವೇ ದಿನಗಳಲ್ಲಿ ಅವರ ಬಂಧನವಾಯಿತು.

ಎರಡನೆಯ ಇಸವಿ 1951. ತೆಲಂಗಾಣದಲ್ಲಿ ಕಮ್ಯುನಿಸ್ಟರ ನೇತೃತ್ವದ ಸಶಸ್ತ್ರ ರೈತ ಹೋರಾಟ ನಡೆದಿದ್ದ ಸೀಮೆಯಲ್ಲಿ ವಿನೋಬಾ ಕಾಲ್ನಡಿಗೆಯಲ್ಲಿ ಹೊರಟಿದ್ದರು. ಏಪ್ರಿಲ್ 18ರಂದು ನಲ್ಗೊಂಡ ಜಿಲ್ಲೆಯ ಪೋಚಂಪಳ್ಳಿಯಲ್ಲಿ ದಲಿತ ಕುಟುಂಬಗಳು ಜಮೀನು ಕೇಳಿದಾಗ, ಭೂಮಾಲೀಕರೊಬ್ಬರು ನೂರು ಎಕರೆ ಕೊಡುವುದಾಗಿ ಮುಂದೆ ಬಂದರು. ಭೂದಾನ ಅಲ್ಲಿಂದ ಆರಂಭ. ಚೀನಾದಲ್ಲಿ ಮಾವೋ ಅಧಿಕಾರಕ್ಕೆ ಬಂದು ಎರಡು ವರ್ಷವೂ ಆಗಿರಲಿಲ್ಲ. ಕೊರಿಯಾದಲ್ಲಿ ಯುದ್ಧ ನಡೆದಿತ್ತು. ಏಷ್ಯಾದ ಭೂಹೀನ ರೈತ ಯಾವ ಕಡೆ ತಿರುಗುತ್ತಾನೆ ಎಂಬುದು ವಾಷಿಂಗ್ಟನ್ನಿಗೂ ಮಾಸ್ಕೋಗೂ ಆಗ ದೊಡ್ಡ ಪ್ರಶ್ನೆ. ವಿನೋಬಾ ಅಮೆರಿಕದ ಪರವಾಗಿ ನಡೆದವರಲ್ಲ. ಹಾಗೆ ಓದುವುದು ಅವರಿಗೆ ಮಾಡುವ ಅನ್ಯಾಯ. ಆದರೂ ಭೂದಾನವನ್ನು ಜಗತ್ತು ಅಷ್ಟು ಕುತೂಹಲದಿಂದ ನೋಡಿದ್ದೇಕೆ ಎಂಬುದು ಶೀತಲ ಸಮರವನ್ನು ಬಿಟ್ಟರೆ ಅರ್ಥವಾಗುವುದಿಲ್ಲ. 1957ರಲ್ಲಿ ಮೈಸೂರು ಬಳಿಯ ಯಲವಾಲದಲ್ಲಿ, ಭೂದಾನದ ಮುಂದಿನ ಹೆಜ್ಜೆಯಾದ ಗ್ರಾಮದಾನದ ಸಮ್ಮೇಳನ ಸೇರಿದಾಗ ಕಾಂಗ್ರೆಸ್ಸಿಗರೂ ಕಮ್ಯುನಿಸ್ಟರೂ ಒಂದೇ ವೇದಿಕೆಯಲ್ಲಿ ಕುಳಿತಿದ್ದರೆಂಬುದನ್ನೂ ಇದರ ಜೊತೆಗಿಟ್ಟು ನೋಡಬೇಕು.

ಹೊಳೆಯ ಈಚೆ, ಹೊಳೆಯ ಆಚೆ

ವಿನೋಬಾ ಜೈಲಿಗೆ ಹೋದ ಆಸುಪಾಸಿನಲ್ಲೇ ಮೈಸೂರು ಸಂಸ್ಥಾನ ತದ್ವಿರುದ್ಧ ದಾರಿಯಲ್ಲಿತ್ತು. 1940ರ ಡಿಸೆಂಬರ್‌ನಲ್ಲಿ ವಾಲಚಂದ್ ಹೀರಾಚಂದರೊಂದಿಗೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿತು. ಲೇತು, ಡ್ರಿಲ್ಲಿಂಗ್ ಯಂತ್ರಗಳಂಥ ಯಂತ್ರ ತಯಾರಿಸುವ ಯಂತ್ರಗಳಿಗೆ ಅಲ್ಲಿಯವರೆಗೆ ಭಾರತ ಬಹುಪಾಲು ಯುರೋಪಿನ ಮೇಲೆ ಅವಲಂಬಿತವಾಗಿತ್ತು. ಯುದ್ಧ ಬಂದು ಜರ್ಮನಿಯ ಸರಕು ನಿಂತಿತು. ಬ್ರಿಟನ್ನಿನದು ಅದರದೇ ಶಸ್ತ್ರಾಸ್ತ್ರ ಕಾರ್ಖಾನೆಗಳಿಗೆ ಹೋಯಿತು. ಇಲ್ಲಿನ ಮದ್ದುಗುಂಡು ಕಾರ್ಖಾನೆಗಳಿಗೂ ರೈಲ್ವೆ ವರ್ಕ್‌ಶಾಪುಗಳಿಗೂ ಲೇತು ಬೇಕೇಬೇಕಿತ್ತು. ರೈಲು ಮಾರ್ಗ, ತುಂಗಭದ್ರೆಯ ನೀರು, ಸಂಸ್ಥಾನದ ಉತ್ತೇಜನ ಎಲ್ಲವೂ ಒಂದೆಡೆ ಸಿಕ್ಕ ಊರು ಹರಿಹರ.

ಆ ಕಾರ್ಖಾನೆಯ ಸುತ್ತ ಯಂತ್ರಾಪುರ ಬೆಳೆಯಿತು. ಟರ್ನರ್, ಫಿಟ್ಟರ್, ಮೌಲ್ಡರ್ ಎಂಬ ಕೆಲಸದ ಹೆಸರುಗಳು ಈ ಸೀಮೆಯ ಮನೆಮಾತಾದವು. ಮಹಾಯುದ್ಧದ ಪರಿಣಾಮಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ಹರಿಹರದ ಹುಡುಗಿ ತನ್ನ ಅಜ್ಜ ಫಿಟ್ಟರ್ ಆಗಿದ್ದರು ಎಂದು ಉತ್ತರ ಬರೆದರೆ, ಇಂದಿನ ಮೌಲ್ಯಮಾಪನದಲ್ಲಿ ಅದಕ್ಕೆ ಅಂಕ ಸಿಗುವುದು ಕಷ್ಟ. ಆದರೆ ವಿಶ್ವಸಂಸ್ಥೆಯ ಸ್ಥಾಪನೆ ಎಷ್ಟು ನಿಜವಾದ ಪರಿಣಾಮವೋ ಇದೂ ಅಷ್ಟೇ ನಿಜ.

ಬೋಧನೆಯ ದೃಷ್ಟಿಯಿಂದ ಇಲ್ಲಿ ಕೈಗೆ ಸಿಗುವುದು ಒಂದು ನಿಜವಾದ ನೈತಿಕ ಇಕ್ಕಟ್ಟು. ಯುದ್ಧಕ್ಕೆ ನೆರವು ಪಾಪ ಎನ್ನುತ್ತಾರೆ ವಿನೋಬಾ. ಯುದ್ಧದ ಬೇಡಿಕೆಯಿಂದಲೇ ಒಂದು ಊರಿಗೆ ಕಸುಬು ಬರುತ್ತದೆ. ಸ್ವತಂತ್ರ ಭಾರತದ ಕೈಗಾರಿಕೆಗೆ ಬೇಕಾದ ಕೌಶಲವೂ ಅಲ್ಲೇ ತಯಾರಾಗುತ್ತದೆ. ಹಿಟ್ಲರನನ್ನು ಸೋಲಿಸುವುದು ಬೇಡವೇ ಎಂಬ ಮೂರನೆಯ ಪ್ರಶ್ನೆಯೂ ಇದೆ. ಅದನ್ನು ಮೇಷ್ಟರು ಎತ್ತದಿದ್ದರೆ ಚರ್ಚೆ ಅಪ್ರಾಮಾಣಿಕವಾಗುತ್ತದೆ. ಈ ಮೂರನ್ನೂ ಎದುರಿಗಿಟ್ಟು, ತೀರ್ಪು ಹೇಳದೆ, ಮಕ್ಕಳನ್ನು ವಾದಕ್ಕೆ ಬಿಡಬಹುದು. ಕಾರಣ–ಪರಿಣಾಮಗಳ ಪಟ್ಟಿ ಎಂದೂ ಕೊಡಲಾಗದ ಪಾಠ ಇದು.

ಹರಿಹರಕ್ಕೆ ಇನ್ನೊಂದು ಅನುಕೂಲವಿದೆ. ಅಂದು ತುಂಗಭದ್ರೆಯೇ ಇಲ್ಲಿ ಗಡಿ. ಈಚೆ ಮೈಸೂರು ಸಂಸ್ಥಾನ, ಆಚೆ ರಾಣೆಬೆನ್ನೂರಿನ ಕಡೆ ಮುಂಬಯಿ ಪ್ರಾಂತ್ಯ, ಅಂದರೆ ನೇರ ಬ್ರಿಟಿಷ್ ಆಡಳಿತ. 1942ರ ಆಗಸ್ಟ್ ಚಳವಳಿ ಎರಡೂ ದಂಡೆಗಳಲ್ಲಿ ಹಬ್ಬಿತು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದದ್ದು ಆಚೆಯ ಕಥೆ. ಶಿಕಾರಿಪುರ ತಾಲ್ಲೂಕಿನ ಈಸೂರಿನವರು ತಮ್ಮದೇ ಸರ್ಕಾರ ಘೋಷಿಸಿಕೊಂಡದ್ದು, ಘರ್ಷಣೆಯಲ್ಲಿ ಅಮಲ್ದಾರ ಮತ್ತು ಪೊಲೀಸ್ ಅಧಿಕಾರಿ ಸತ್ತದ್ದು, 1943ರ ಮಾರ್ಚ್‌ನಲ್ಲಿ ಐವರು ಗಲ್ಲಿಗೇರಿದ್ದು ಈಚೆಯ ಕಥೆ; ಗಲ್ಲಿಗೇರಿಸಿದ್ದು ಮೈಸೂರು ಮಹಾರಾಜರ ಸರ್ಕಾರ ಎಂಬುದನ್ನು ನಾವು ಮೆಲ್ಲಗೆ ದಾಟಿಬಿಡುತ್ತೇವೆ. 1942ರಲ್ಲೇ ಏಕೆ ಎಂಬ ಪ್ರಶ್ನೆಗೆ ಉತ್ತರ ಯುದ್ಧದ ಅಧ್ಯಾಯದಲ್ಲಿದೆ. ಆ ವರ್ಷ ಫೆಬ್ರವರಿಯಲ್ಲಿ ಸಿಂಗಪುರ, ಮಾರ್ಚ್‌ನಲ್ಲಿ ರಂಗೂನ್ ಜಪಾನಿನ ವಶವಾದವು. ಬ್ರಿಟಿಷರು ಉಳಿಯುವರೋ ಇಲ್ಲವೋ ಎಂಬ ಅನುಮಾನ ಹಳ್ಳಿಗಳಿಗೂ ತಲುಪಿತ್ತು. ಬೆಲೆ ಏರಿತ್ತು. ಎರಡು ಅಧ್ಯಾಯಗಳನ್ನು ಒಂದೇ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದಾಗ ಮಾತ್ರ ಈ ಕೊಂಡಿ ಕಾಣುತ್ತದೆ.

ಮೊದಲ ಮಹಾಯುದ್ಧದ ವಿಷಯದಲ್ಲಿ ಒಂದು ಎಚ್ಚರಿಕೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಪಡೆಗಳ ಕಥೆ ಈಚೆಗೆ ಬಹಳ ಜನಪ್ರಿಯವಾಗಿದೆ. ಹೆಮ್ಮೆಪಡಲಿ. ಆದರೆ ಅದೇ ಯುದ್ಧಕ್ಕೆ ಸಂಸ್ಥಾನ 50 ಲಕ್ಷ ರೂಪಾಯಿ ಕೊಟ್ಟದ್ದು, ಯುದ್ಧದ ಕೊನೆಯಲ್ಲಿ ಹಡಗು–ರೈಲುಗಳ ಜೊತೆ ಬಂದ ಇನ್‌ಫ್ಲುಯೆಂಜಾ ದೇಶದಲ್ಲಿ ಕೋಟಿಗೂ ಹೆಚ್ಚು ಜನರನ್ನು ಕೊಂದದ್ದು ಹೇಳದಿದ್ದರೆ, ಸ್ಥಳೀಯ ಇತಿಹಾಸ ಬರೀ ಕುದುರೆಯ ಓಟವಾಗುತ್ತದೆ.

ಉಪ್ಪಿಟ್ಟು, ಬಣ್ಣದ ಹಾಳೆ, ಕೆಂಬಾವುಟ

ಎರಡನೇ ಮಹಾಯುದ್ಧವನ್ನು ಕಣ್ಣಾರೆ ಕಂಡು ನೆನಪಿಟ್ಟವರು ಇಂದು ತೊಂಬತ್ತು ದಾಟಿದವರು. ಅವರಿಂದ ಮಕ್ಕಳು ಮಾಹಿತಿ ಸಂಗ್ರಹಿಸುವ ಕಾಲ ಮುಗಿಯುತ್ತ ಬಂದಿದೆ. ಶೀತಲ ಸಮರ ಹಾಗಲ್ಲ. ಅದರ ಸಾಕ್ಷಿಗಳು ಇಂದಿನ ಅಜ್ಜ–ಅಜ್ಜಿಯರು. ತಾವು ಸಾಕ್ಷಿಗಳೆಂದು ಅವರಿಗೇ ಗೊತ್ತಿಲ್ಲ ಅಷ್ಟೆ.

ಶಾಲೆಯಲ್ಲಿ ಏನು ತಿನ್ನಲು ಕೊಡುತ್ತಿದ್ದರು ಎಂದು ಕೇಳಿದರೆ ಕೇರ್ ಉಪ್ಪಿಟ್ಟು, ಹಾಲಿನ ಪುಡಿ ಎನ್ನುವ ಹಿರಿಯರು ಕರ್ನಾಟಕದ ಯಾವ ಹಳ್ಳಿಯಲ್ಲೂ ಸಿಗುತ್ತಾರೆ. ಕೇರ್ ಅಮೆರಿಕದ ಸೇವಾಸಂಸ್ಥೆ. ಅದು ಹಂಚಿದ ಆಹಾರದ ಬಹುಪಾಲು 1954ರ ಪಿ.ಎಲ್. 480 ಕಾಯ್ದೆಯಡಿ ಬಂದ ಅಮೆರಿಕದ ಹೆಚ್ಚುವರಿ ದಾಸ್ತಾನು. ಅದೇ ಕಾಯ್ದೆಯ ಗೋಧಿಯನ್ನೇ 1965ರಿಂದ 67ರ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ ತಿಂಗಳ ಲೆಕ್ಕದಲ್ಲಿ ಬಿಗಿಹಿಡಿದು ಬಿಟ್ಟರು. ಭಾರತದ ಕೃಷಿನೀತಿ ಬದಲಾಗಲಿ ಎಂಬುದು ಒಂದು ಉದ್ದೇಶ. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದರ ಸಿಟ್ಟೂ ಅದರಲ್ಲಿತ್ತು. ಅಲಿಪ್ತ ನೀತಿಯ ಬೆಲೆ ಏನೆಂಬುದನ್ನು ಬಾಂಡುಂಗ್, ಬೆಲ್‌ಗ್ರೇಡ್ ಸಮ್ಮೇಳನಗಳ ಇಸವಿಗಳಿಗಿಂತ ಈ ಗೋಧಿ ಚೆನ್ನಾಗಿ ಕಲಿಸುತ್ತದೆ.

ಇನ್ನೊಂದು ಕಡೆಯಿಂದ ಪುಸ್ತಕ ಬಂತು. ಮಾಸ್ಕೋದಲ್ಲಿ ಮುದ್ರಣವಾದ ಅಗ್ಗದ, ಗಟ್ಟಿ ರಟ್ಟಿನ ಪುಸ್ತಕಗಳನ್ನು 1960ರಲ್ಲಿ ಹುಟ್ಟಿದ ನವಕರ್ನಾಟಕ ಪ್ರಕಾಶನ ನಾಡಿನುದ್ದಕ್ಕೂ ಮಾರಿತು. ಸೋವಿಯತ್ ಪತ್ರಿಕೆಗಳ ನುಣುಪಾದ ಬಣ್ಣದ ಹಾಳೆಗಳು ಶಾಲಾ ಪುಸ್ತಕಗಳಿಗೆ ಹೊದಿಕೆಯಾದವು. ಓದಿದವರಿಗಿಂತ ಹೊದಿಸಿದವರೇ ಹೆಚ್ಚಿರಬಹುದು. ಪ್ರಚಾರ ಸಾಮಗ್ರಿ ತಲುಪಿದ ಊರಿನಲ್ಲಿ ಅದರ ಉಪಯೋಗವೇ ಬೇರೆಯಾಗುವುದನ್ನು ಗಮನಿಸುವುದೂ ಇತಿಹಾಸದ ಶಿಸ್ತೇ. ಬೆಳಿಗ್ಗೆ ಅಮೆರಿಕದ ಹಾಲಿನ ಪುಡಿ ಕುಡಿದು, ಸಂಜೆ ರಷ್ಯಾದ ಹಾಳೆಯನ್ನು ಪುಸ್ತಕಕ್ಕೆ ಹೊದಿಸಿದ ತಲೆಮಾರಿಗೆ ಶೀತಲ ಸಮರದ ಬಗ್ಗೆ ಹೇಳಲು ಏನೂ ಇಲ್ಲವೆಂದು ನಾವು ಭಾವಿಸಿರುವುದು ವಿಚಿತ್ರ.

ದಾವಣಗೆರೆಗೆ ಮಾತ್ರ ಸಲ್ಲುವ ಆಕರವೆಂದರೆ ಹತ್ತಿ ಗಿರಣಿಗಳ ಕಾರ್ಮಿಕ ಚಳವಳಿ. ಭಾರತ ಕಮ್ಯುನಿಸ್ಟ್ ಪಕ್ಷದ ಪಂಪಾಪತಿ ಇಲ್ಲಿಂದ 1970ರ ದಶಕದ ಕೊನೆಯಲ್ಲೂ 80ರ ದಶಕದಲ್ಲೂ ವಿಧಾನಸಭೆಗೆ ಆಯ್ಕೆಯಾದರು. ಆ ಪಕ್ಷದ ಚರಿತ್ರೆಯೇ ಒಂದು ಪಾಠ. ಸಾಮ್ರಾಜ್ಯಶಾಹಿಗಳ ಜಗಳವೆಂದು ಅದು ವಿರೋಧಿಸಿದ್ದ ಯುದ್ಧ, 1941ರ ಜೂನ್ 22ರಂದು ಹಿಟ್ಲರ್ ರಷ್ಯಾದ ಮೇಲೆ ಬಿದ್ದ ನಂತರ, ಅದೇ ಪಕ್ಷಕ್ಕೆ ಜನತೆಯ ಯುದ್ಧವಾಯಿತು. ಹೀಗಾಗಿ 1942ರಲ್ಲಿ ಅದು ಕ್ವಿಟ್ ಇಂಡಿಯಾದಿಂದ ದೂರ ಉಳಿಯಿತು. ಮಾಸ್ಕೋ–ಬೀಜಿಂಗ್ ಬಿರುಕಿನ ನೆರಳಿನಲ್ಲಿ 1964ರಲ್ಲಿ ಇಬ್ಭಾಗವಾಯಿತು. ಇದರಿಂದ ಗಿರಣಿ ಕಾರ್ಮಿಕ ಮಾಸ್ಕೋ ಹೇಳಿದಂತೆ ಕುಣಿದ ಎಂದು ತೀರ್ಮಾನಿಸುವುದು ಅವಸರ. ಅವನು ಕೇಳಿದ್ದು ಕೂಲಿ ಮತ್ತು ಬೋನಸ್. ಬಾವುಟ ಜಾಗತಿಕ, ಬೇಡಿಕೆ ಸ್ಥಳೀಯ; ಇವೆರಡರ ನಡುವಣ ಅಂತರವನ್ನು ಅಳೆಯಲು ಕಲಿತ ವಿದ್ಯಾರ್ಥಿ ಶೀತಲ ಸಮರವನ್ನು ಕೇವಲ ಎರಡು ರಾಜಧಾನಿಗಳ ಆಟವೆಂದು ಮುಂದೆ ಬರೆಯಲಾರ.

ರಾಜತಾಂತ್ರಿಕ ಮುಖಕ್ಕೂ ಕನ್ನಡ ನಾಡಿನ ಇಬ್ಬರು ಸಿಗುತ್ತಾರೆ. 1950ರ ಜೂನ್‌ನಲ್ಲಿ ಕೊರಿಯಾದ ವಿಷಯ ಭದ್ರತಾ ಮಂಡಳಿಗೆ ಬಂದಾಗ ಅಧ್ಯಕ್ಷ ಪೀಠದಲ್ಲಿದ್ದವರು ಮಂಗಳೂರಿನ ಬೆನೆಗಲ್ ನರಸಿಂಗ ರಾವ್. ಚೀನಾದ ಪ್ರಾತಿನಿಧ್ಯದ ಪ್ರಶ್ನೆಯಲ್ಲಿ ರಷ್ಯಾ ಬಹಿಷ್ಕಾರ ಹೂಡಿ ಗೈರುಹಾಜರಾಗಿದ್ದರಿಂದ ನಿರ್ಣಯ ವೀಟೋ ಇಲ್ಲದೆ ಪಾಸಾಯಿತು. ಯುದ್ಧ ನಿಂತ ಮೇಲೆ, ತಾಯ್ನಾಡಿಗೆ ಮರಳಲು ಒಲ್ಲದ 22 ಸಾವಿರಕ್ಕೂ ಹೆಚ್ಚು ಕೈದಿಗಳ ಹೊಣೆ ಹೊತ್ತ ಐದು ದೇಶಗಳ ಆಯೋಗಕ್ಕೆ ಕೊಡಗಿನ ಜನರಲ್ ತಿಮ್ಮಯ್ಯ ಅಧ್ಯಕ್ಷರಾದರು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ ವಾಲಿದಾಗ ಮಧ್ಯದಲ್ಲಿ ಕೂತು ತೀರ್ಮಾನ ಹೇಳಬೇಕಾದ ಕುರ್ಚಿ ಅದು. ಅಲಿಪ್ತ ನೀತಿ ಎಂದರೆ ಸುಮ್ಮನಿರುವುದು ಎಂದು ತಿಳಿದವರಿಗೆ ಈ ಒಂದು ಉದಾಹರಣೆ ಸಾಕು.

ಸ್ಥಳೀಯ ಆಕರ ಎಲ್ಲಿ ಸಾಲದು

ಊರಿನಿಂದ ಹೊರಟು ಎಲ್ಲವನ್ನೂ ಕಲಿಸಲಾಗದು. ಅರವತ್ತು ಲಕ್ಷ ಯಹೂದಿಗಳ ಕಗ್ಗೊಲೆಗೆ ತುಂಗಭದ್ರೆಯ ದಡದಲ್ಲಿ ಹೋಲಿಕೆ ಹುಡುಕಲು ಹೋಗಬಾರದು. ಹಿರೋಷಿಮಾವನ್ನು ಹಿರೋಷಿಮಾದ ಮಾತಿನಲ್ಲೇ ಹೇಳಬೇಕು. ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿಗೂ ಇಲ್ಲಿ ಗುರುತು ಹುಡುಕುವುದು ವ್ಯರ್ಥ. ದೂರದ ನೋವನ್ನು ದೂರದ್ದಾಗಿಯೇ ಉಳಿಸಿಕೊಂಡು ಅರಿಯುವುದೂ ಇತಿಹಾಸ ಶಿಕ್ಷಣದ ಕೆಲಸ. ಸ್ಥಳೀಯತೆಯ ಹೆಸರಿನಲ್ಲಿ ಅದನ್ನು ಬಿಟ್ಟುಕೊಟ್ಟರೆ, ಪಠ್ಯಪುಸ್ತಕದ ಒಂದು ದೋಷ ತೆಗೆದು ಇನ್ನೊಂದನ್ನು ತುಂಬಿದಂತಾಗುತ್ತದೆ.

ಆದರೆ ಯಾವುದು ದೂರ ಎಂಬುದೂ ಬದಲಾಗುತ್ತಿದೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ರಷ್ಯಾದ ದಾಳಿಗೆ ಸಿಕ್ಕು ಸತ್ತ ವೈದ್ಯಕೀಯ ವಿದ್ಯಾರ್ಥಿ ಹರಿಹರದಿಂದ ಹೊಳೆ ದಾಟಿದರೆ ಸಿಗುವ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯವನು. ಅವನ ದೇಹವನ್ನು ಮನೆಯವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು. ಈ ಭಾಗದ ಹುಡುಗರು ಡಾಕ್ಟರಾಗಲು ಅಷ್ಟು ದೂರ ಹೋಗುವುದೇಕೆ? ಇಲ್ಲಿ ಸೀಟಿನ ಕೊರತೆ, ಖಾಸಗಿ ಕಾಲೇಜಿನ ಶುಲ್ಕ ಒಂದು ಕಾರಣ. ಏಷ್ಯಾ, ಆಫ್ರಿಕಾಗಳ ವಿದ್ಯಾರ್ಥಿಗಳನ್ನು ಕರೆದು ಕಡಿಮೆ ಖರ್ಚಿನಲ್ಲಿ ಓದಿಸುವ ಪರಿಪಾಠ ಸೋವಿಯತ್ ಒಕ್ಕೂಟ ಶೀತಲ ಸಮರದ ನಡುವೆ ಬೆಳೆಸಿದ್ದು, ಒಕ್ಕೂಟ ಒಡೆದ ಮೇಲೂ ಆ ದಾರಿ ಶುಲ್ಕದ ರೂಪದಲ್ಲಿ ಉಳಿದದ್ದು ಇನ್ನೊಂದು. ಅದೇ ಖಾರ್ಕಿವ್‌ಗಾಗಿ 1941ರಿಂದ 43ರವರೆಗೆ ಜರ್ಮನ್ ಮತ್ತು ಸೋವಿಯತ್ ಸೇನೆಗಳು ನಾಲ್ಕು ಬಾರಿ ಕಾದಾಡಿದ್ದವು. ಪಠ್ಯದ ಎರಡೂ ಯುದ್ಧಗಳು ಒಂದು ಹಳ್ಳಿಯ ಮನೆಗೆ ಬಂದು ಸೇರಿದ ಪ್ರಸಂಗ ಇದು. ತರಗತಿಯಲ್ಲಿ ಇದನ್ನು ಎತ್ತುವ ಶಿಕ್ಷಕರು ಹೆಸರು, ಫೋಟೊ, ವಿಡಿಯೊಗಳ ಕಡೆ ಹೋಗದೆ, ಆ ಕುಟುಂಬದ ಮರ್ಯಾದೆ ಕಾದು ಮಾತಾಡಬೇಕು.

ಇಷ್ಟೆಲ್ಲ ಆದರೂ ಪ್ರಶ್ನೆಪತ್ರಿಕೆ ಬದಲಾಗದಿದ್ದರೆ ತರಗತಿ ಬದಲಾಗುವುದಿಲ್ಲ. ಲಿಖಿತ ಪರೀಕ್ಷೆಯ 80 ಅಂಕಗಳನ್ನು ಮುಟ್ಟುವುದು ಇಲಾಖೆಯ ಕೆಲಸ, ಸಮಯ ಹಿಡಿಯುತ್ತದೆ. ಆಂತರಿಕ ಮೌಲ್ಯಮಾಪನದ 20 ಅಂಕಗಳು ಮಾತ್ರ ಶಾಲೆಯ ಕೈಯಲ್ಲೇ ಇವೆ. ದಾವಣಗೆರೆ, ಹರಿಹರದ ಸಮಾಜ ವಿಜ್ಞಾನ ಶಿಕ್ಷಕರು ಈ ವರ್ಷದ ಒಂದು ಯೋಜನಾ ಕಾರ್ಯವನ್ನಾದರೂ ಇದಕ್ಕೆ ಮೀಸಲಿಡಲಿ: ಮನೆಯ ಹಿರಿಯರೊಬ್ಬರ ದುಡಿಮೆ, ಊಟ ಅಥವಾ ಓದಿನಲ್ಲಿ ಜಗತ್ತಿನ ಯುದ್ಧ ಎಲ್ಲಿ ಬಂದುಹೋಗಿದೆ ಎಂಬುದನ್ನು ಕೇಳಿ, ಇಸವಿ ಸಹಿತ ಎರಡು ಪುಟ ಬರೆದು ತರಲು ಹೇಳಲಿ.