ಸಂತೆಗೆ ಹೋಗದ ಅಂಬಲಿ

ರಾಮಕೃಷ್ಣನಗರದಂಥ ಮೈಸೂರಿನ ಬಡಾವಣೆಗಳಲ್ಲಿ ಬೆಳಗಿನ ವಾಕಿಂಗ್ ಮುಗಿಸಿದವರು ರಾಗಿ ಅಂಬಲಿ ಕುಡಿಯುವುದರಲ್ಲಿ ಹೊಸತೇನಿಲ್ಲ. ಅದಕ್ಕೆ ದುಡ್ಡು ಕೊಡುವುದಷ್ಟೇ ಹೊಸತು. ಹಳೇ ಮೈಸೂರು ಸೀಮೆಯಲ್ಲಿ ಅಂಬಲಿ ಬಹುಮಟ್ಟಿಗೆ ಮನೆಯೊಳಗೇ ಮುಗಿದುಹೋಗುತ್ತಿದ್ದ ಪದಾರ್ಥ. ಅದನ್ನು ಬಡತನದ ಗುರುತೆಂದು ಹೇಳಿ ಮುಗಿಸುವವರೇ ಹೆಚ್ಚು. ಆದರೆ ಅಂಬಲಿಯ ಚರಿತ್ರೆಯನ್ನು ರಾಗಿಯಿಂದಲ್ಲ, ಬೆಣ್ಣೆಯಿಂದ ಶುರುಮಾಡಬೇಕು.

ಹಾಲು ಹೆಪ್ಪಾಗಿ, ಮೊಸರು ಕಡೆದು, ಬೆಣ್ಣೆ ಕಾಯಿಸಿದರೆ ತುಪ್ಪ. ತುಪ್ಪ ಕೆಡದು, ದೂರ ಹೋಗುತ್ತದೆ, ಕಾಸು ತರುತ್ತದೆ. ಉಳಿದ ಮಜ್ಜಿಗೆಯನ್ನು ಹೊತ್ತುಕೊಂಡು ಸಂತೆಗೆ ಹೋಗುವವರಾರು? ಸಂಜೆಯೊಳಗೆ ಹುಳಿಯೇರುವ ಅದು ಮನೆಯವರಿಗೆ, ಆಳುಗಳಿಗೆ, ಚೆಂಬು ಹಿಡಿದು ಬಂದ ನೆರೆಯವರಿಗೆ. ‘ಮಜ್ಜಿಗೆಗೆ ಬಂದವನಿಗೆ ಎಮ್ಮೆ ಕ್ರಯ ಯಾಕೆ’ ಎಂಬ ಗಾದೆ ಹುಟ್ಟಬೇಕಾದರೆ ಮಜ್ಜಿಗೆ ಕೇಳಿ ಪಡೆಯುವುದು ದಿನಬಳಕೆಯ ಮಾತಾಗಿರಲೇಬೇಕು. 1800-01ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆದ್ದಲು ಭೂಮಿಯ ಮುಖ್ಯ ಬೆಳೆ ರಾಗಿ, ಸಾಮಾನ್ಯರ ಊಟವೂ ಅದೇ ಎಂದು ಕಂಡಿದ್ದ. ಮನೆಯಲ್ಲೇ ಉಳಿಯುವ ಕಾಳು, ಮನೆಯಲ್ಲೇ ಉಳಿಯುವ ಮಜ್ಜಿಗೆ: ಎರಡೂ ಗಡಿಗೆಯಲ್ಲಿ ಕೂಡಿದವು. ಹಿಟ್ಟನ್ನು ಗಂಟಾಗದಂತೆ ನೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಸುರಿದು, ಕೈಬಿಡದೆ ತಿರುವಿ ಆರಿಸಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಸೇರಿಸುವುದು ಒಂದು ದಾರಿ. ರಾತ್ರಿ ಮಿಕ್ಕ ತಂಗಳು ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಬೆರಳಿಗೆ ಅಂಟಿದ್ದನ್ನೂ ಅದಕ್ಕೇ ತೊಳೆದು ಕುಡಿಯುವುದು ಇನ್ನೊಂದು.

ಈ ಎರಡನೆಯದಕ್ಕೆ ಪಶ್ಚಿಮ ಆಫ್ರಿಕದಲ್ಲೊಂದು ಜೋಡಿಯಿದೆ. ಉತ್ತರ ನೈಜೀರಿಯ ಮತ್ತು ನೈಜರ್‌ನ ಹೌಸಾ ಜನ ಸಜ್ಜೆ ಹಿಟ್ಟಿಗೆ ಶುಂಠಿ, ಲವಂಗ ಬೆರೆಸಿ ಉಂಡೆ ಕಟ್ಟಿ ಬೇಯಿಸುತ್ತಾರೆ. ಅದು ಫುರ. ದನಗಾಹಿ ಫುಲಾನಿಗಳ ಹುಳಿಹಾಲು ನೋನೊ. ಉಂಡೆಯನ್ನು ಹಾಲಿನಲ್ಲಿ ಕಿವುಚಿದರೆ ‘ಫುರ ದ ನೋನೊ’. ರಾಗಿಯೂ ಆಫ್ರಿಕದಿಂದ ಬಂದದ್ದಲ್ಲವೇ, ಪಾನೀಯವೂ ಅದರ ಜೊತೆಗೇ ಬಂದಿರಬಾರದೇಕೆ ಎಂದು ಕೇಳಬಹುದು. ರಾಗಿಯ ತವರು ಇಥಿಯೋಪಿಯ, ಉಗಾಂಡದ ಎತ್ತರದ ನೆಲ. ಸಜ್ಜೆಯದು ಸಹಾರಾದ ದಕ್ಷಿಣದಂಚು. ನಡುವೆ ಅರ್ಧ ಖಂಡವೇ ಇದೆ. ಕಾಳು ನಂಟು ಬೆಳೆಸಿದ್ದು ನಿಜ: ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ನಮ್ಮದರೊಂದಿಗೆ ಕೂಡಿಸಿ ತೆಗೆದ ಇಂಡಾಫ್ (ಇಂಡಿಯ-ಆಫ್ರಿಕ) ತಳಿಗಳ ಹೆಸರಿನಲ್ಲೇ ಅದು ಉಳಿದಿದೆ. ಆದರೆ ಹುಳಿಹಾಲಿಗೆ ಹಿಟ್ಟು ಕಲಸಲು ಯಾರಿಗೂ ಗುರು ಬೇಕಿಲ್ಲ. ಹೋಲಿಕೆಗಿಂತ ನನಗೆ ಮುಖ್ಯವಾಗಿ ಕಾಣುವುದು ವ್ಯತ್ಯಾಸ. ಅಲ್ಲಿ ಬೆಳೆಯುವವರು ಒಬ್ಬರು, ದನ ಸಾಕುವವರು ಇನ್ನೊಬ್ಬರು; ಫುಲಾನಿ ಹೆಂಗಸರು ಸೋರೆಬುರುಡೆಯಲ್ಲಿ ನೋನೊ ಹೊತ್ತು ಮಾರುತ್ತಾರೆ. ಹಾಗಾಗಿ ಅದು ಸಂತೆಯ ಪಾನೀಯ. ಇಲ್ಲಿ ಹೊಲವೂ ಕೊಟ್ಟಿಗೆಯೂ ಒಂದೇ ಮನೆಯವು.

ಎಲ್ಲರ ಕೊಟ್ಟಿಗೆಯಲ್ಲೂ ಹಸುವಿತ್ತೇ? ಇರಲಿಲ್ಲ. ಬರೀ ನೀರು, ಉಪ್ಪಿನ ಅಂಬಲಿ ಕುಡಿದವರೂ ಬೇಕಾದಷ್ಟು. ‘ಅಂಬಲಿ ಕುಡಿಯೋನಿಗೆ ಮೀಸೆ ತಿಕ್ಕೋನೊಬ್ಬ’ ಎಂಬ ಕುಹಕ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಹಸುವಿಲ್ಲದವರಿಗೂ ಮಜ್ಜಿಗೆ ಸಿಗುತ್ತಿದ್ದ ದಾರಿಯೊಂದಿತ್ತು, ಅದು ಕಡೆಗೋಲಿರುವ ಮನೆ. 1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಶುರುವಾಗಿ ಹಳ್ಳಿಗಳಲ್ಲಿ ಹಾಲಿನ ಸೊಸೈಟಿಗಳು ಹರಡಿದ ಮೇಲೆ ಕರೆದ ಹಾಲು ಹಾಲಾಗಿಯೇ ಕ್ಯಾನು ಸೇರತೊಡಗಿತು. ರೈತನ ಕೈಗೆ ಕಾಸು ಬಂತು, ಅದನ್ನು ಹಳಿಯುವಂತಿಲ್ಲ. ಕಡೆಯಲು ಮನೆಯಲ್ಲಿ ಮೊಸರು ಮಿಗದಾಯಿತು. ಚೆಂಬು ಹಿಡಿದು ಬಂದ ನೆರೆಯವರಿಗೂ ಈಗ ಪ್ಯಾಕೆಟ್ಟಿನ ಮಜ್ಜಿಗೆಯೇ.